ಪಿಸಿಯನ್ನು ರೂಟರ್ ಮಾಡಿಕೊಂಡವರಿಗೆ ಒಂದು ಬಹಿರಂಗ ಪತ್ರ

ತಾಲ್ಲೂಕು, ಹೋಬಳಿಗಳಲ್ಲಿ ಕೇಬಲ್ ಟಿ.ವಿ. ಜೊತೆಗೆ ಇಂಟರ್ನೆಟ್ಟನ್ನೂ ಕೊಡುತ್ತಿರುವ ಆಪರೇಟರ್ ಮಿತ್ರರೆ,

ನಿಮ್ಮಲ್ಲಿ ಹಲವರ ಕಂಟ್ರೋಲ್ ರೂಮಿನಲ್ಲಿ, ಫೈಬರ್ ಸಂಪರ್ಕ ಹಂಚುವ ಓಎಲ್‌ಟಿಯ ಪಕ್ಕದಲ್ಲಿ, ಮಾನಿಟರ್ ಇಲ್ಲದ ಪಿಸಿಯೊಂದು ಹಗಲೂ ರಾತ್ರಿ ಓಡುತ್ತಿರುತ್ತದೆ. ಎರಡೋ ಮೂರೋ ಲ್ಯಾನ್ ಕಾರ್ಡ್, ಒಳಗೆ ಮೈಕ್ರೋಟಿಕ್‌ನ ರೂಟರ್‌ಓಎಸ್ ಅಥವಾ ಯಾವುದಾದರೂ ಲಿನಕ್ಸ್. ಊರಿನ ನೂರಾರು ಮನೆಗಳ ನೆಟ್ ಅದರ ಹೊಟ್ಟೆಯ ಮೂಲಕವೇ ಹಾದುಹೋಗಬೇಕು. ದೊಡ್ಡ ಕಂಪನಿಗಳ ಸೇಲ್ಸ್‌ನವರು ಬಂದಾಗ ಅದನ್ನು ನೋಡಿ ನಗುತ್ತಾರೆ. "ಪ್ರೊಡಕ್ಷನ್‌ನಲ್ಲಿ ಇಂಥದ್ದನ್ನೆಲ್ಲ ಇಡಬಾರದು ಸಾರ್" ಎಂದು ಹೇಳಿ, ಕೊಟೇಶನ್ ಕೊಟ್ಟು ಹೋಗುತ್ತಾರೆ. ಕೊಟೇಶನ್ನಿನ ಕೊನೆಯ ಸಾಲು ಓದಿದ ನೀವು ಪಿಸಿಗೆ ಇನ್ನೊಂದು ಫ್ಯಾನ್ ಹಾಕಿಸಿ ಸುಮ್ಮನಾಗುತ್ತೀರಿ.

ಇಂಥ ಪೆಟ್ಟಿಗೆಗಳನ್ನು ಕಟ್ಟಿಯೂ ಕಿತ್ತೂ ಹೊಟ್ಟೆ ಹೊರೆದವನು ನಾನು. ನನ್ನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಪಿಸಿ ರೂಟರ್ ಆಗಬಲ್ಲದು, ಚೆನ್ನಾಗಿಯೇ ಆಗಬಲ್ಲದು. ಆದರೆ ಬ್ರ್ಯಾಂಡ್ ಪೆಟ್ಟಿಗೆಗೆ ಕೊಡುವ ಹಣದಲ್ಲಿ ಒಳ್ಳೆಯ ಪಾಲು ರಾತ್ರಿ ಎರಡು ಗಂಟೆಗೆ ಫೋನ್ ಎತ್ತುವ ಮನುಷ್ಯನಿಗೆ ಹೋಗುತ್ತದೆ. ಪಿಸಿ ಇಟ್ಟುಕೊಂಡರೆ ಆ ಮನುಷ್ಯ ನೀವೇ ಆಗಬೇಕು, ಇಲ್ಲವೇ ಅಂಥವನಿಗೆ ನೀವು ಸಂಬಳ ಕೊಡಬೇಕು. ನಿಮ್ಮಲ್ಲಿ ಬಹಳ ಮಂದಿಯ ಖರ್ಚಿನ ಪಟ್ಟಿಯಲ್ಲಿ ಈ ಸಾಲೇ ಇಲ್ಲ. ಈ ಪತ್ರ ಅದಕ್ಕಾಗಿ.

ನಗುವವರಿಗೆ ಮೊದಲು ಉತ್ತರ ಕೊಟ್ಟುಬಿಡೋಣ. ರೂಟರ್ ಎಂಬುದು ಹುಟ್ಟಿದ್ದೇ ಸಾಮಾನ್ಯ ಕಂಪ್ಯೂಟರಿನಲ್ಲಿ. 1969ರಲ್ಲಿ ಅಮೆರಿಕದ ಅರ್ಪಾನೆಟ್ ಶುರುವಾದಾಗ ಪ್ಯಾಕೆಟ್ ಸಾಗಿಸಿದ್ದು ಹನಿವೆಲ್ ಡಿಡಿಪಿ-516 ಎಂಬ ಮಿನಿಕಂಪ್ಯೂಟರ್; ಬಿಬಿಎನ್ ಕಂಪನಿಯವರು ಅದಕ್ಕೆ ಬೇಕಾದ ಪ್ರೋಗ್ರಾಮ್ ಬರೆದು ಕೊಟ್ಟಿದ್ದರು. 1986ರಲ್ಲಿ ಅಲ್ಲಿಯದೇ ಎನ್‌ಎಸ್‌ಎಫ್‌ನೆಟ್ ಜಾಲದ ಬೆನ್ನೆಲುಬು 56 ಕಿಲೋಬಿಟ್ ವೇಗದಲ್ಲಿ ಎದ್ದು ನಿಂತಾಗ ಅದನ್ನು ಹೊತ್ತದ್ದು ಡೇವಿಡ್ ಮಿಲ್ಸ್ ಅವರ 'ಫಝ್‌ಬಾಲ್'ಗಳು, ಅಂದರೆ ಡಿಇಸಿ ಕಂಪನಿಯ ಎಲ್‌ಎಸ್‌ಐ-11 ಯಂತ್ರಗಳ ಮೇಲೆ ಅವರೇ ಬರೆದ ಸಾಫ್ಟ್‌ವೇರ್. ಎರಡು ವರ್ಷದ ನಂತರ ಅದೇ ಜಾಲ 1.5 ಮೆಗಾಬಿಟ್‌ಗೆ ಏರಿದಾಗ ಪ್ರತಿ ಕೇಂದ್ರದಲ್ಲೂ ಐಬಿಎಂನ ಆರ್‌ಟಿ ಯಂತ್ರಗಳ ಗುಂಪೊಂದು ಕೂತಿತ್ತು. ಪ್ರೊಡಕ್ಷನ್ ಅಂದರೆ ಇದಕ್ಕಿಂತ ದೊಡ್ಡದು ಆ ಕಾಲದಲ್ಲಿ ಇರಲಿಲ್ಲ.

ಈಗಿನ ಬ್ರ್ಯಾಂಡ್ ಪೆಟ್ಟಿಗೆಗಳ ಮುಚ್ಚಳ ತೆಗೆದರೂ ಬಹಳ ಸಲ ಪರಿಚಿತ ಮುಖಗಳೇ ಕಾಣಿಸುತ್ತವೆ. ಜುನಿಪರ್ 1998ರಲ್ಲಿ ತಂದ ಎಂ40 ರೂಟರಿನ 'ರೂಟಿಂಗ್ ಎಂಜಿನ್' ಇಂಟೆಲ್ ಪೆಂಟಿಯಮ್ ಇದ್ದ ಒಂದು ಪಿಸಿ. ಅದರ ಜುನೋಸ್ ತಂತ್ರಾಂಶ ಎದ್ದದ್ದು ಫ್ರೀಬಿಎಸ್‌ಡಿ ಮೇಲೆ. ಸಿಸ್ಕೋದ ಹೆಸರಾಂತ ಪಿಕ್ಸ್ ಫೈರ್‌ವಾಲ್ ಕೂಡ ಇಂಟೆಲ್ ಪ್ರೊಸೆಸರಿನದೇ. 2017ರ ಫೆಬ್ರವರಿಯಲ್ಲಿ ಸಿಸ್ಕೋ ತನ್ನ ಹಲವು ಮಾದರಿಗಳಲ್ಲಿರುವ ಗಡಿಯಾರ ಸಂಕೇತದ ಭಾಗವೊಂದು 18 ತಿಂಗಳ ಬಳಕೆಯ ನಂತರ ಕೆಟ್ಟು, ಪೆಟ್ಟಿಗೆ ಮತ್ತೆ ಏಳದೇ ಹೋಗಬಹುದು ಎಂದು ಪ್ರಕಟಣೆ ಕೊಟ್ಟಿತು. ಅದೇ ಹೊತ್ತಿಗೆ ಇಂಟೆಲ್‌ನ ಆಟಮ್ ಸಿ2000 ಚಿಪ್‌ನ ದೋಷಪಟ್ಟಿಯಲ್ಲೂ ಅಂಥದ್ದೇ ಸಂಗತಿ ಸೇರಿತ್ತು. ಮನೆಯ ಸ್ಟೋರೇಜ್ ಡಬ್ಬಿಯಲ್ಲಿ ಕೂರುವ ಚಿಪ್ ಬ್ರ್ಯಾಂಡ್ ರೂಟರಿನಲ್ಲೂ ಕೂತಿತ್ತು, ಕಾಯಿಲೆ ಇಬ್ಬರಿಗೂ ಒಂದೇ. ಗಮನಿಸಬೇಕಾದ್ದು ಇದು: ವಾರಂಟಿಯೋ ಸಪೋರ್ಟ್ ಒಪ್ಪಂದವೋ ಇದ್ದ ಗ್ರಾಹಕರಿಗೆ ಸಿಸ್ಕೋ ಬದಲಿ ಕೊಡಲು ಮುಂದೆ ಬಂತು.

ಹಾಗಾದರೆ ಅವರ ದುಬಾರಿ ಪೆಟ್ಟಿಗೆಯಲ್ಲಿ ವಿಶೇಷವೇನೂ ಇಲ್ಲವೆ? ಇದೆ. ದೊಡ್ಡ ರೂಟರುಗಳಲ್ಲಿ ಪ್ಯಾಕೆಟ್ ಸಾಗಿಸುವುದಕ್ಕೆಂದೇ ಮಾಡಿಸಿದ ಚಿಪ್ ಇರುತ್ತದೆ. ಯಾವ ವಿಳಾಸ ಯಾವ ದಾರಿಗೆ ಎಂಬುದನ್ನು ಒಂದೇ ಏಟಿಗೆ ಹುಡುಕಿಕೊಡುವ ಟಿಕ್ಯಾಮ್ ಎಂಬ ವಿಶೇಷ ಮೆಮೊರಿಯೂ ಇರುತ್ತದೆ. ಮುಖ್ಯ ಪ್ರೊಸೆಸರ್ ತೂಕಡಿಸಿದರೂ ಪ್ಯಾಕೆಟ್ ಓಡುತ್ತಲೇ ಇರುತ್ತದೆ. ಆದರೆ ಆ ಮೆಮೊರಿಗೆ ಅಳತೆ ನಿಗದಿ. 2014ರ ಆಗಸ್ಟ್ 12ರಂದು ಜಗತ್ತಿನ ಐಪಿವಿ4 ದಾರಿಗಳ ಪಟ್ಟಿ 5,12,000 ದಾಟಿದಾಗ, ಹಳೆಯ ಸಿಸ್ಕೋ 6500 ಮತ್ತು 7600 ಸರಣಿಯ ಎಷ್ಟೋ ಯಂತ್ರಗಳು ಜಾಗ ಸಾಲದೆ ಮುಗ್ಗರಿಸಿದವು. ಅಂದು ಹಲವು ದೇಶಗಳಲ್ಲಿ ನೆಟ್ ಕುಂಟಿತು. ಪಿಸಿಗೆ ಅಂಥ ಬೇಲಿ ಇಲ್ಲ. ಈಗ ಹತ್ತು ಲಕ್ಷದ ಆಸುಪಾಸಿನಲ್ಲಿರುವ ಆ ಪಟ್ಟಿಯನ್ನು ಎಂಟು ಜಿಬಿ ರ‍್ಯಾಮ್ ಇರುವ ಮಾಮೂಲಿ ಯಂತ್ರ ಆರಾಮವಾಗಿ ಇಟ್ಟುಕೊಳ್ಳುತ್ತದೆ.

ಇನ್ನೊಂದು ಮಾತು: ನಿಮ್ಮಲ್ಲಿ ಬಹುಪಾಲಿನವರಿಗೆ ಆ ಪಟ್ಟಿಯೇ ಬೇಡ. ಅಪ್‌ಸ್ಟ್ರೀಮ್ ಒಂದೇ ಇದ್ದರೆ 'ಗೊತ್ತಿಲ್ಲದ್ದೆಲ್ಲ ಆ ಕಡೆ' ಎಂಬ ಒಂದು ಸಾಲು ಸಾಕು. ಎರಡು ಅಪ್‌ಸ್ಟ್ರೀಮ್, ಸ್ವಂತ ಎಎಸ್ ನಂಬರ್ ಇರುವವರಿಗೆ ಮಾತ್ರ ಆ ಪಟ್ಟಿಯನ್ನು ಹಂಚಿಕೊಳ್ಳುವ ಬಿಜಿಪಿಯ ತಲೆನೋವು. ಅವರಿಗೂ ಫ್ರೀರೇಂಜ್ ರೂಟಿಂಗ್, ಅಥವಾ ಪ್ರಾಗ್‌ನ ಚಾರ್ಲ್ಸ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ ಹುಟ್ಟಿದ ಬರ್ಡ್ ಎಂಬ ಬಿಟ್ಟಿ ತಂತ್ರಾಂಶಗಳು ಇವೆ. ಬರ್ಡ್ ಇವತ್ತು ದೊಡ್ಡ ದೊಡ್ಡ ಇಂಟರ್ನೆಟ್ ಎಕ್ಸ್‌ಚೇಂಜ್‌ಗಳ ರೂಟ್ ಸರ್ವರ್‌ಗಳಲ್ಲಿ ಓಡುತ್ತಿದೆ. ಬಿಟ್ಟಿ ಸಿಕ್ಕಿತು ಎಂಬ ಒಂದೇ ಕಾರಣಕ್ಕೆ ಅದನ್ನು ಕೀಳಾಗಿ ಕಾಣಬೇಕಿಲ್ಲ.

ಈಗ ನಿಮ್ಮ ಕಡೆಯ ತಪ್ಪಿಗೆ ಬರುತ್ತೇನೆ. ನೀವು ಲೆಕ್ಕ ಹಾಕುವುದು ಮೆಗಾಬಿಟ್‌ನಲ್ಲಿ. "ಒಂದು ಗಿಗಾ ತಗೊಂಡಿದೀನಿ, ಕಾರ್ಡೂ ಗಿಗಾಬಿಟ್ಟೇ, ಇನ್ನೇನು?" ಅನ್ನುತ್ತೀರಿ. ರೂಟರಿಗೆ ಮೆಗಾಬಿಟ್ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಪ್ಯಾಕೆಟ್. ಪ್ಯಾಕೆಟ್ ದೊಡ್ಡದಿರಲಿ ಚಿಕ್ಕದಿರಲಿ, ಬಿಚ್ಚಿ ವಿಳಾಸ ಓದಿ ದಾರಿಗೆ ಹಚ್ಚುವ ಕೆಲಸ ಹೆಚ್ಚುಕಡಿಮೆ ಅಷ್ಟೇ. ಒಂದು ಗಿಗಾಬಿಟ್ ತಂತಿಯ ತುಂಬ 1,500 ಬೈಟಿನ ದೊಡ್ಡ ಪ್ಯಾಕೆಟ್ಟುಗಳೇ ಬಂದರೆ ಸೆಕೆಂಡಿಗೆ ಸುಮಾರು 81 ಸಾವಿರ. ಅದೇ ತಂತಿಯಲ್ಲಿ ಈಥರ್ನೆಟ್ಟಿನ ಅತಿ ಚಿಕ್ಕ 64 ಬೈಟಿನವು ಬಂದರೆ 14 ಲಕ್ಷದ 88 ಸಾವಿರ. ಸಿನಿಮಾ ನೋಡುವ ಊರಿಗೆ ಮೊದಲನೆಯ ಲೆಕ್ಕ. ಯಾರೋ ಒಬ್ಬ ಗಿರಾಕಿಯ ಮೇಲೆ ಸಿಟ್ಟಿಗೆ ಇನ್ಯಾರೋ ದುಡ್ಡು ಕೊಟ್ಟು ಡಿಡಾಸ್ ದಾಳಿ ಮಾಡಿಸಿದ ರಾತ್ರಿ ಎರಡನೆಯ ಲೆಕ್ಕ. ಒಂದು ಪ್ಯಾಕೆಟ್ಟಿಗೆ ಆಗ ಸಿಗುವ ಸಮಯ 672 ನ್ಯಾನೋಸೆಕೆಂಡ್. ಹತ್ತು ಗಿಗಾಬಿಟ್‌ನಲ್ಲಿ 67 ಚಿಲ್ಲರೆ. ದಿನವೆಲ್ಲ ಚೆನ್ನಾಗಿದ್ದ ಪಿಸಿ, ಗ್ರಾಫ್‌ನಲ್ಲಿ ಇನ್ನೂ ಅರ್ಧ ಬ್ಯಾಂಡ್‌ವಿಡ್ತ್ ಖಾಲಿ ಇರುವಾಗಲೇ ಸತ್ತಂತೆ ಬಿದ್ದುಕೊಳ್ಳುವುದು ಇದಕ್ಕೇ.

ಸತ್ತಂತೆ ಅಂದೆ. ಯಂತ್ರ ನಿಜವಾಗಿ ಸತ್ತಿರುವುದಿಲ್ಲ, ಮೈಮುರಿದು ಕೆಲಸ ಮಾಡುತ್ತಿರುತ್ತದೆ. ಹಳೆಯ ರೀತಿಯಲ್ಲಿ ಪ್ರತಿ ಪ್ಯಾಕೆಟ್ ಬಂದಾಗಲೂ ಲ್ಯಾನ್ ಕಾರ್ಡ್ ಪ್ರೊಸೆಸರನ್ನು ತಟ್ಟಿ ಎಬ್ಬಿಸುತ್ತದೆ. ತಟ್ಟುವವರು ಹೆಚ್ಚಾದಾಗ, ಬಂದವರಿಗೆ ಬಾಗಿಲು ತೆಗೆಯುವುದರಲ್ಲೇ ಹೊತ್ತು ಹೋಗಿ ಒಲೆ ಹಚ್ಚಲಾಗದ ಮದುವೆ ಮನೆಯಂತಾಗುತ್ತದೆ: ಎಲ್ಲರೂ ಒಳಗೆ ಬಂದರು, ಊಟ ಮಾತ್ರ ಯಾರಿಗೂ ಇಲ್ಲ. 1996ರಲ್ಲಿ ಜೆಫ್ರಿ ಮೋಗಲ್ ಮತ್ತು ಕೆ.ಕೆ. ರಾಮಕೃಷ್ಣನ್ ಈ ಸ್ಥಿತಿಯನ್ನು ಬಿಡಿಸಿ ತೋರಿಸುವ ಪ್ರಬಂಧ ಬರೆದರು. ಒತ್ತಡ ಹೆಚ್ಚಿದಾಗ ತಟ್ಟುವುದನ್ನು ನಿಲ್ಲಿಸಿ, ಪ್ರೊಸೆಸರ್ ತಾನೇ ಬಿಡುವು ನೋಡಿಕೊಂಡು ಹೋಗಿ ಪ್ಯಾಕೆಟ್ ಎತ್ತಿಕೊಳ್ಳಲಿ ಎಂಬುದು ಅವರ ಪರಿಹಾರದ ತಿರುಳು. ರಾಮಕೃಷ್ಣನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು. ಅದೇ ಜಾಡಿನ ವಿಚಾರ 2001ರ ಹೊತ್ತಿಗೆ 'ನ್ಯಾಪಿ' ಎಂಬ ಹೆಸರಿನಲ್ಲಿ ಲಿನಕ್ಸ್ ಕಡೆಗೂ ಬಂತು. ಅದನ್ನು ತಂದವರಲ್ಲಿ ಒಬ್ಬರಾದ ರಾಬರ್ಟ್ ಓಲ್ಸನ್ ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಜಾಲವನ್ನು ಲಿನಕ್ಸ್ ಪಿಸಿ ರೂಟರುಗಳ ಮೇಲೆ ನಡೆಸಿದವರು. ನಿಮ್ಮ ಪೆಟ್ಟಿಗೆ ಇವತ್ತು ಉಸಿರಾಡುತ್ತಿದ್ದರೆ ಅದರಲ್ಲಿ ಇವರೆಲ್ಲರ ಪಾಲಿದೆ.

ನ್ಯಾಪಿ ಇದ್ದೂ ಮುಗ್ಗರಿಸುವ ಒಂದು ಜಾಗ ಉಂಟು. ಅದು ನಿಮ್ಮ ದಂಧೆಯ ಮಧ್ಯದಲ್ಲೇ ಇದೆ: ಗಿರಾಕಿ ಲಾಗಿನ್ ಆಗಿ ನೆಟ್ ಪಡೆಯುವ ಪಿಪಿಪಿಓಇ. ಎಂಟು ಕೋರ್ ಇರುವ ಪ್ರೊಸೆಸರ್ ತಂದಿರಿ, ನಾಲ್ಕು ಸಾಲುಗಳಲ್ಲಿ ಪ್ಯಾಕೆಟ್ ಹಂಚುವ ಒಳ್ಳೆಯ ಇಂಟೆಲ್ ಕಾರ್ಡ್ ತಂದಿರಿ. ಆದರೂ ಸಂಜೆ ಎಂಟು ಗಂಟೆಗೆ ನೆಟ್ ಜಗ್ಗುತ್ತದೆ. ನೋಡಿದರೆ ಒಂದು ಕೋರ್ ನೂರಕ್ಕೆ ನೂರು, ಉಳಿದ ಏಳು ಕಾಲು ಚಾಚಿ ಕೂತಿವೆ. ಕಾರಣ ಸರಳ. ಕಾರ್ಡು ಪ್ಯಾಕೆಟ್ಟನ್ನು ಹಂಚುವುದು ಐಪಿ ವಿಳಾಸ ನೋಡಿ. ಪಿಪಿಪಿಓಇ ಹೊದಿಕೆಯೊಳಗೆ ಅವಿತಿರುವ ಐಪಿ ವಿಳಾಸ ಹಲವು ಕಾರ್ಡುಗಳಿಗೆ ಕಾಣುವುದೇ ಇಲ್ಲ, ಎಲ್ಲವನ್ನೂ ಮೊದಲ ಸಾಲಿಗೇ ತಳ್ಳುತ್ತವೆ. ಲಿನಕ್ಸಿನಲ್ಲಿ ಆರ್‌ಪಿಎಸ್ ಹಾಕಿ ಈ ಹಂಚಿಕೆಯನ್ನು ಸಾಫ್ಟ್‌ವೇರಿನಲ್ಲೇ ಮಾಡಿಸಬಹುದು. ಗಿರಾಕಿಗಳನ್ನು ಎರಡು ಮೂರು ಕಾರ್ಡುಗಳಿಗೆ ಒಡೆದು ಹಾಕಬಹುದು. ಕೆಲವು ಹೊಸ ಕಾರ್ಡುಗಳಿಗೆ ಪಿಪಿಪಿಓಇ ಓದುವುದನ್ನು ಕಲಿಸಲೂಬಹುದು. ಇದು ಗೊತ್ತಿಲ್ಲದೆ ಇನ್ನೂ ದೊಡ್ಡ ಪ್ರೊಸೆಸರ್ ತಂದು ಹಾಕಿದವರನ್ನು ನೋಡಿದ್ದೇನೆ. ಕೋರ್ ಹದಿನಾರಾದವು, ಕಾಲು ಚಾಚಿ ಕೂತವರ ಸಂಖ್ಯೆ ಹದಿನೈದಾಯಿತು.

ಇದರ ತಮ್ಮನೇ ನ್ಯಾಟ್. ಐಪಿವಿ4 ವಿಳಾಸಗಳು ಮುಗಿದ ಕಾಲ ಇದು. ಏಷ್ಯಾ-ಪೆಸಿಫಿಕ್ ವಲಯದಲ್ಲಿ 2019ರಿಂದ ಹೊಸಬರಿಗೆ ಹೆಚ್ಚೆಂದರೆ 512 ವಿಳಾಸ. ಹಾಗಾಗಿ ಒಂದು ಪಬ್ಲಿಕ್ ಐಪಿ ಹಿಂದೆ ಹತ್ತಾರು ಮನೆಗಳನ್ನು ಕೂರಿಸುತ್ತೀರಿ. ಯಾರ ಮಾತು ಯಾವುದಕ್ಕೆ ಉತ್ತರ ಎಂದು ನೆನಪಿಟ್ಟುಕೊಳ್ಳಲು ಲಿನಕ್ಸ್ ಒಂದು ಪಟ್ಟಿ ಬರೆಯುತ್ತದೆ. ಆ ಪಟ್ಟಿಗೆ ಒಂದು ಮಿತಿ ಇದೆ, ಯಾರೂ ಅದನ್ನು ಬದಲಿಸಿರುವುದಿಲ್ಲ. ತುಂಬಿದ ದಿನದ ಲಕ್ಷಣ ವಿಚಿತ್ರ: ಮೊದಲೇ ನಡೆಯುತ್ತಿದ್ದ ವಿಡಿಯೊ ಕಾಲ್ ನಡೆಯುತ್ತಲೇ ಇರುತ್ತದೆ, ಹೊಸ ಪುಟ ಮಾತ್ರ ತೆರೆಯುವುದಿಲ್ಲ. ಒಂದು ಮನೆಯವರು "ನೆಟ್ ಇದೆ" ಅನ್ನುತ್ತಾರೆ, ಪಕ್ಕದ ಮನೆಯವರು "ಇಲ್ಲ" ಅನ್ನುತ್ತಾರೆ, ನಿಮ್ಮ ಹುಡುಗ ಕಂಬ ಹತ್ತಿ ಫೈಬರ್ ನೋಡಿಕೊಂಡು ಬರುತ್ತಾನೆ. ಉತ್ತರ ಅಷ್ಟು ಹೊತ್ತೂ ಪಿಸಿಯ ಲಾಗ್‌ನಲ್ಲೇ ಇರುತ್ತದೆ, 'ಟೇಬಲ್ ಫುಲ್' ಎಂದು. ಐಪಿವಿ6 ಕೊಟ್ಟರೆ ಈ ಪಟ್ಟಿಯ ಭಾರ ಬಹಳ ಇಳಿಯುತ್ತದೆ, ಅದಕ್ಕೆ ನ್ಯಾಟ್ ಬೇಕಿಲ್ಲ. ನಿಮ್ಮ ಗಿರಾಕಿಯ ಮೊಬೈಲ್ ಕಂಪನಿ ಕೊಡುತ್ತಿರುವುದನ್ನು ನೀವು ಇನ್ನೂ ಕೊಡದಿರುವುದಕ್ಕೆ ನನಗೆ ಕಾರಣ ಕಾಣುವುದಿಲ್ಲ.

ಪಿಸಿ ಗೆಲ್ಲುವ ಜಾಗವನ್ನೂ ಹೇಳಬೇಕು. ಒಂದು ಮನೆಯಲ್ಲಿ ಮಗ ದೊಡ್ಡ ಗೇಮ್ ಡೌನ್‌ಲೋಡ್‌ಗೆ ಹಾಕಿದ ಕೂಡಲೇ ಅಪ್ಪನ ವಿಡಿಯೊ ಮೀಟಿಂಗ್ ತೊದಲುವುದು ನಿಮಗೆ ಬರುವ ದೂರುಗಳಲ್ಲಿ ತೀರಾ ಸಾಮಾನ್ಯ. ಬಹಳ ಸಲ ಬ್ಯಾಂಡ್‌ವಿಡ್ತ್ ಕಡಿಮೆಯಾಗಿರುವುದಿಲ್ಲ. ಸರದಿ ಸಾಲು ಉದ್ದವಾಗಿರುತ್ತದೆ. 2012ರಲ್ಲಿ ಲಿನಕ್ಸ್ ಸೇರಿದ ಎಫ್‌ಕ್ಯೂ-ಕೋಡೆಲ್, 2018ರಲ್ಲಿ ಸೇರಿದ ಕೇಕ್, ಈ ಎರಡೂ ಆ ಸಾಲನ್ನು ಚಿಕ್ಕದಾಗಿ, ನ್ಯಾಯವಾಗಿ ಇಡುತ್ತವೆ. ಸಣ್ಣ ಇಂಟರ್ನೆಟ್ ಸಂಸ್ಥೆಗಳಿಗೆಂದೇ ಮಾಡಿದ ಲಿಬ್ರೆಕ್ಯೂಓಎಸ್ ಇದೇ ಕೇಕನ್ನು ಪ್ರತಿ ಗಿರಾಕಿಗೂ ಒಂದೊಂದರಂತೆ ಹಾಕಿ, ಒಂದು ಮಾಮೂಲಿ ಸರ್ವರ್ ಮೇಲೆ ನಡೆಸುತ್ತದೆ. ಪ್ಯಾಕೆಟ್ ದೂಡುವ ಚಿಪ್‌ನ ಬಲದ ಮೇಲೆ ನಿಂತ ದುಬಾರಿ ಪೆಟ್ಟಿಗೆಗಳಲ್ಲಿ ಎಷ್ಟೋ ಸಲ ಇಷ್ಟು ನಯವಾದ ಕೆಲಸ ಸಿಗುವುದಿಲ್ಲ. ಪ್ರೊಸೆಸರ್ ಖಾಲಿ ಇರುವ ಪಿಸಿಗೆ ಇದು ಸಲೀಸು. ನನ್ನನ್ನು ಕೇಳಿದರೆ, ಪಿಸಿ ಇಡಲು ದುಡ್ಡು ಉಳಿಯುತ್ತದೆ ಎನ್ನುವುದಕ್ಕಿಂತ ಇದು ಒಳ್ಳೆಯ ಕಾರಣ.

ಮಧ್ಯೆ ಒಂದು ಸಣ್ಣ ಮಾತು, ಏಕೆಂದರೆ ಇದರ ಫೋನ್ ಬಾರದ ವಾರವಿಲ್ಲ. ಎಲ್ಲ ಸೈಟೂ ತೆರೆಯುತ್ತದೆ, ಎರಡು ಮೂರು ಮಾತ್ರ ಸುತ್ತುತ್ತಲೇ ಇರುತ್ತವೆ ಎಂದರೆ ಮೊದಲು ಅನುಮಾನಿಸಬೇಕಾದ್ದು ಎಂಟಿಯು, ಅಂದರೆ ಒಂದು ಪ್ಯಾಕೆಟ್ಟಿನ ಗರಿಷ್ಠ ಅಳತೆ. ಪಿಪಿಪಿಓಇ ಎಂಟು ಬೈಟ್ ತಿಂದು 1,492 ಉಳಿಸುತ್ತದೆ. ಎಂಎಸ್‌ಎಸ್ ಕಟ್ಟುಹಾಕುವ ಒಂದು ನಿಯಮ ಬರೆದರೆ ಸಾಮಾನ್ಯವಾಗಿ ಅಲ್ಲಿಗೆ ಮುಗಿಯಿತು. ಸೈಟಿನವರನ್ನು ಬಯ್ಯಬೇಡಿ.

ಸಾಫ್ಟ್‌ವೇರ್ ಇಷ್ಟಾಯಿತು. ಪಿಸಿ ರೂಟರನ್ನು ನಿಜವಾಗಿ ಕೊಲ್ಲುವುದು ಮಾತ್ರ ಬಹಳ ಸಲ ಚಿಲ್ಲರೆ ವಸ್ತು. ಮದರ್‌ಬೋರ್ಡಿನ ಸಿಆರ್2032 ಸೆಲ್ ನೋಡಿ. ಅಂಗಡಿಯಲ್ಲಿ ಹತ್ತಾರು ರೂಪಾಯಿ, ಅಷ್ಟೆ. ಅದು ಒಣಗಿದ ಮೇಲೆ ಒಂದು ದಿನ ಕರೆಂಟ್ ಹೋಗಿ, ಇನ್ವರ್ಟರೂ ಬರಿದಾಗಿ, ಮತ್ತೆ ಕರೆಂಟ್ ಬಂದಾಗ ಬಯೋಸ್ ತನ್ನ ಸೆಟ್ಟಿಂಗ್ ಮರೆತು 'ಎಫ್1 ಒತ್ತಿ' ಎಂದು ಕೇಳುತ್ತ ನಿಲ್ಲುತ್ತದೆ. ಒತ್ತಲು ಕೀಬೋರ್ಡ್ ಇಲ್ಲ, ಓದಲು ಮಾನಿಟರ್ ಇಲ್ಲ, ಊರಿಗೆ ನೆಟ್ ಇಲ್ಲ. ಕೀಬೋರ್ಡ್ ಇಲ್ಲದಿದ್ದರೂ ಬೂಟ್ ಆಗು, ಕರೆಂಟ್ ಬಂದೊಡನೆ ತಾನೇ ಆನ್ ಆಗು: ಬಯೋಸ್‌ನಲ್ಲಿ ಈ ಎರಡು ಆಯ್ಕೆ ಸರಿಯಿದೆಯೇ ಎಂದು ಇವತ್ತೇ ನೋಡಿ, ಸೆಲ್ಲನ್ನು ಎರಡು ವರ್ಷಕ್ಕೊಮ್ಮೆ ಬದಲಿಸಿ. ಹಳೆಯ ಸರ್ವರ್ ಕೊಂಡರೆ ಐಪಿಎಂಐ ಇರುತ್ತದೆ, ಕೂತಲ್ಲಿಂದಲೇ ಯಂತ್ರದ ಪರದೆ ನೋಡಬಹುದು. ಜೊತೆಗೆ ಇಸಿಸಿ ರ‍್ಯಾಮ್ ಮತ್ತು ಎರಡು ಪವರ್ ಸಪ್ಲೈ ಬರುತ್ತವೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹಳೆಯ ಸರ್ವರುಗಳಿಗೆ ಬರವಿಲ್ಲ. ಹೊಸ ಡೆಸ್ಕ್‌ಟಾಪ್‌ಗೆ ಕೊಡುವ ದುಡ್ಡನ್ನು ಅಂಥದ್ದಕ್ಕೆ ಕೊಡುವುದು ಲೇಸು.

ಸಿಡಿಲಿನ ಮಾತು ಮಲೆನಾಡು, ಕರಾವಳಿಯವರಿಗೆ ನಾನು ಹೇಳಿಕೊಡಬೇಕಿಲ್ಲ. ಮುಂಗಾರಿನ ಮುಂಚೆ ಏಪ್ರಿಲ್-ಮೇ, ಮಳೆ ಹಿಂದಿರುಗುವ ಅಕ್ಟೋಬರ್. ಮನೆಯಿಂದ ಮನೆಗೆ ತಾಮ್ರದ ಲ್ಯಾನ್ ಕೇಬಲ್ ಎಳೆದವರು ಎಷ್ಟು ಪೋರ್ಟ್ ಸುಟ್ಟುಕೊಂಡಿದ್ದಾರೆ ಎಂಬುದು ಅವರಿಗೇ ಗೊತ್ತು. ಹೊರಗಿನಿಂದ ಬರುವ ಯಾವ ತಾಮ್ರವೂ ನೇರವಾಗಿ ಪಿಸಿಗೆ ಸೇರಬಾರದು; ಕೊನೆಯ ಎರಡು ಮೀಟರ್ ಆದರೂ ಫೈಬರ್ ಇರಲಿ. ಬೋರ್ಡಿನ ಮೇಲೇ ಇರುವ ಪೋರ್ಟ್ ಬಿಟ್ಟು, ಹಾಕಿ ತೆಗೆಯಬಹುದಾದ ಕಾರ್ಡನ್ನೇ ಬಳಸಿ. ಸುಟ್ಟರೆ ಕಾರ್ಡ್ ಹೋಗಲಿ, ಬೋರ್ಡ್ ಉಳಿಯಲಿ.

ಕರೆಂಟ್ ಬಿಲ್ಲಿನ ಲೆಕ್ಕವೂ ಆಗಬೇಕು. 100 ವ್ಯಾಟ್ ಎಳೆಯುವ ಹಳೆಯ ಪಿಸಿ ವರ್ಷಪೂರ್ತಿ ಓಡಿದರೆ 876 ಯೂನಿಟ್. 20 ವ್ಯಾಟಿನ ಸಣ್ಣ ರೂಟರಿಗೆ 175. ಯೂನಿಟ್ಟಿಗೆ 8 ರೂಪಾಯಿ ಎಂದುಕೊಂಡರೂ ಐದು ವರ್ಷಕ್ಕೆ ವ್ಯತ್ಯಾಸ 28 ಸಾವಿರ ರೂಪಾಯಿ, ಬ್ಯಾಟರಿ ಮತ್ತು ಎ.ಸಿ. ಬಿಟ್ಟು. "ಮೂಲೆಯಲ್ಲಿ ಬಿದ್ದಿತ್ತು, ಬಿಟ್ಟಿ" ಎಂದು ಎತ್ತಿಕೊಂಡ ಪಿಸಿ ಅಷ್ಟು ಬಿಟ್ಟಿಯಾಗಿರಲಿಲ್ಲ.

ಕದ್ದ ಲೈಸೆನ್ಸಿನ ವಿಷಯ ಹೇಳಲು ನನಗೂ ಮುಜುಗರ, ಕೇಳಲು ನಿಮಗೂ. ರೂಟರ್‌ಓಎಸ್‌ನ ನಾಲ್ಕನೇ ಹಂತದ ಲೈಸೆನ್ಸಿನಲ್ಲಿ 200 ಪಿಪಿಪಿಓಇ ಸಂಪರ್ಕ, ಐದರಲ್ಲಿ 500, ಆರರಲ್ಲಿ ಮಿತಿ ಇಲ್ಲ. ಈ ಮೆಟ್ಟಿಲು ತಪ್ಪಿಸಲು ಕ್ರ್ಯಾಕ್ ಮಾಡಿದ ಹಳೆಯ ಆವೃತ್ತಿ ಹಾಕಿಸಿಕೊಂಡವರು ಅದನ್ನು ಅಪ್‌ಡೇಟ್ ಮಾಡುವಂತಿಲ್ಲ, ಮಾಡಿದರೆ ಕ್ರ್ಯಾಕ್ ಹೋಗುತ್ತದೆ. 2018ರಲ್ಲಿ ಮೈಕ್ರೋಟಿಕ್‌ನ ವಿನ್‌ಬಾಕ್ಸ್ ಬಾಗಿಲಲ್ಲೇ ಒಂದು ರಂಧ್ರ ಸಿಕ್ಕಿತು. ಕಂಪನಿ ಏಪ್ರಿಲ್‌ನಲ್ಲೇ ತೇಪೆ ಕೊಟ್ಟಿತ್ತು. ಆಗಸ್ಟ್ ಹೊತ್ತಿಗೆ, ತೇಪೆ ಹಾಕದ ರೂಟರುಗಳಿಗೆ ನುಗ್ಗಿದವರು ಬ್ರೆಜಿಲ್‌ನಿಂದ ಶುರುಮಾಡಿ ಲಕ್ಷಗಟ್ಟಲೆ ರೂಟರುಗಳಲ್ಲಿ ಗಿರಾಕಿಗಳ ಪುಟಗಳೊಳಗೆ ಕ್ರಿಪ್ಟೋ ಗಣಿಗಾರಿಕೆಯ ಕೋಡ್ ತುರುಕಿದರು. ಲೈಸೆನ್ಸಿಗೆ ದುಡ್ಡು ಕೊಡಲು ಮನಸ್ಸಿಲ್ಲದಿದ್ದರೆ ಲಿನಕ್ಸ್ ಮೇಲೆ ಅಕ್ಸೆಲ್-ಪಿಪಿಪಿ ಇದೆ, ವೈಓಎಸ್ ಇದೆ. ಕಲಿಯುವ ಕಷ್ಟ ಪಡಬೇಕು, ಅಷ್ಟೆ.

ಒಂದೇ ಯಂತ್ರದ ಮೇಲೆ ಊರನ್ನು ನಿಲ್ಲಿಸಬೇಡಿ ಎಂಬುದು ಎಲ್ಲರೂ ಹೇಳುವ ಮಾತು. ನಿಮಗೆ ಅದು ಬೇರೆಯವರಿಗಿಂತ ಸುಲಭ ಎಂಬುದನ್ನು ಯಾರೂ ಹೇಳುವುದಿಲ್ಲ. ಗಿರಾಕಿಯ ಮನೆಯ ಪೆಟ್ಟಿಗೆ ಲಾಗಿನ್ ಆಗುವಾಗ "ಇಲ್ಲಿ ಯಾರಾದರೂ ಪಿಪಿಪಿಓಇ ಸರ್ವರ್ ಇದ್ದೀರಾ?" ಎಂದು ಇಡೀ ಜಾಲಕ್ಕೆ ಕೂಗುತ್ತದೆ. ಒಂದೇ ವಿಲ್ಯಾನ್‌ನಲ್ಲಿ ಎರಡು ಸರ್ವರ್ ಇದ್ದರೆ ಎರಡೂ "ಓ" ಅನ್ನುತ್ತವೆ. ಅದು ಒಂದನ್ನು ಹಿಡಿದುಕೊಳ್ಳುತ್ತದೆ. ಒಂದು ಬಿದ್ದರೆ ಸ್ವಲ್ಪ ಹೊತ್ತಿನಲ್ಲಿ ಮತ್ತೆ ಕೂಗಿ ಇನ್ನೊಂದನ್ನು ಹಿಡಿಯುತ್ತದೆ. ಒಂದೊಂದಕ್ಕೂ ಬೇರೆ ಐಪಿ ಪೂಲ್ ಕೊಡಿ. ಒಂದು ಬಿದ್ದಾಗ ಉಳಿದ ಒಂದೇ ಯಂತ್ರ ಇಡೀ ಊರನ್ನು ಹೊರಬಲ್ಲಷ್ಟು ದೊಡ್ಡದಿರಲಿ, ಪೂಲ್‌ಗಳೂ. ಗಿರಾಕಿಗಳ ಪಟ್ಟಿ ಇರುವ ರೇಡಿಯಸ್ ಮತ್ತು ಬಿಲ್ಲಿಂಗ್ ಮಾತ್ರ ರೂಟರಿನೊಳಗೆ ಇರಬಾರದು. ಒಂದೇ ಪಿಸಿಯಲ್ಲಿ ರೂಟಿಂಗ್, ಬಿಲ್ಲಿಂಗ್, ಕ್ಯಾಮೆರಾ ರೆಕಾರ್ಡಿಂಗ್, ಮೇಲಿಂದ ಮಗನ ಸಿನಿಮಾ ಸಂಗ್ರಹ — ಇದನ್ನೂ ನೋಡಿದ್ದೇನೆ, ಹೆಚ್ಚು ಹೇಳುವುದಿಲ್ಲ.

ಕಾನೂನಿನ ಕಡೆ ಎರಡು ಮಾತು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಕೊಟ್ಟ ನಿರ್ದೇಶನದಂತೆ ಲಾಗ್‌ಗಳನ್ನು 180 ದಿನ ಇಡಬೇಕು, ಗಡಿಯಾರವನ್ನು ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿಸಬೇಕು, ದಾಳಿಯಾದರೆ ಆರು ಗಂಟೆಯೊಳಗೆ ತಿಳಿಸಬೇಕು. ದೂರಸಂಪರ್ಕ ಇಲಾಖೆ 2021ರ ಡಿಸೆಂಬರಿನಲ್ಲಿ ಲೈಸೆನ್ಸ್ ತಿದ್ದಿ, ಐಪಿ ಬಳಕೆಯ ದಾಖಲೆಗಳನ್ನು ಎರಡು ವರ್ಷ ಇಡಿ ಎಂದಿದೆ. ನ್ಯಾಟ್ ಹಾಕಿದವರಿಗೆ ಇದರ ಅರ್ಥ ಯಾವ ಮನೆ, ಯಾವ ಕ್ಷಣ, ಯಾವ ಪೋರ್ಟ್ ಎಂಬುದು. ಪೊಲೀಸರು ಬಂದು ಕೇಳಿದಾಗ ಪಿಸಿಯ ಗಡಿಯಾರ ಹತ್ತು ನಿಮಿಷ ಹಿಂದಿದ್ದರೆ ನೀವು ತೋರಿಸುವ ಮನೆ ಬೇರೆಯೇ ಯಾರದ್ದೋ ಆಗಿರುತ್ತದೆ. ಇನ್ನು, 2021ರ ಜೂನ್ 15ರಿಂದ ಲೈಸೆನ್ಸ್ ಇರುವವರು ಜಾಲಕ್ಕೆ ಸೇರಿಸುವ ಹೊಸ ಉಪಕರಣ 'ವಿಶ್ವಾಸಾರ್ಹ ಮೂಲ'ದಿಂದಲೇ ಬಂದಿರಬೇಕು. ಬಿಡಿಭಾಗ ಕೂಡಿಸಿ ಕಟ್ಟಿದ ಪೆಟ್ಟಿಗೆಗೆ ಇಂಥ ಕಾಗದ ಒದಗಿಸುವುದು ಸುಲಭವಲ್ಲ. ಫ್ರಾಂಚೈಸಿ ಆಗಿರುವವರು ತಮ್ಮ ಲೈಸೆನ್ಸಿನ ಕಂಪನಿಯಿಂದ ಬರವಣಿಗೆಯಲ್ಲಿ ಒಪ್ಪಿಗೆ ಪಡೆದುಕೊಳ್ಳಿ; ಸ್ವಂತ ಲೈಸೆನ್ಸಿನವರು ಯಂತ್ರ ಕೊಳ್ಳುವ ಮೊದಲೇ ಕೇಳಿ ತಿಳಿದುಕೊಳ್ಳಿ.

ಇನ್ನು ಇದನ್ನೆಲ್ಲ ನೋಡಿಕೊಳ್ಳುವ ಹುಡುಗನ ವಿಷಯ. ಪ್ರತಿ ಊರಿನಲ್ಲೂ ಒಬ್ಬನಿರುತ್ತಾನೆ. ಡಿಪ್ಲೊಮಾ ಮಾಡಿದವ, ಯೂಟ್ಯೂಬ್ ನೋಡಿ ಕಲಿತವ, ರಾತ್ರಿ ಕೂತು ನಿಮ್ಮ ಪಿಸಿಯನ್ನು ರೂಟರ್ ಮಾಡಿಕೊಟ್ಟವ. ತಿಂಗಳಿಗೆ ನೀವು ಕೊಡುವುದು ಕಂಬ ಹತ್ತುವವನ ಸಂಬಳ. ಒಂದು ದಿನ ಬೆಂಗಳೂರಿನ ಕಂಪನಿಯೊಂದು ಅವನಿಗೆ ಅದರ ಮೂರು ಪಟ್ಟು ಕೊಡುತ್ತದೆ, ಅವನು ಹೋಗುತ್ತಾನೆ, ಹೋಗಲೇಬೇಕು. ಪಾಸ್‌ವರ್ಡ್ ಅವನ ತಲೆಯಲ್ಲಿ, ಫೈರ್‌ವಾಲ್ ನಿಯಮ ಏಕೆ ಹಾಗಿದೆ ಎಂಬುದು ಅವನ ತಲೆಯಲ್ಲಿ. ಆಮೇಲೆ ಬಂದವನು ಮುಟ್ಟಲು ಹೆದರುತ್ತಾನೆ. ಮುಟ್ಟದ ಯಂತ್ರಕ್ಕೆ ಅಪ್‌ಡೇಟ್ ಇಲ್ಲ, ಸೆಲ್ ಬದಲಾವಣೆ ಇಲ್ಲ. ಸೇಲ್ಸ್‌ನವರು ನಗುವುದು ಪಿಸಿಯನ್ನು ನೋಡಿ. ನಗಬೇಕಿದ್ದದ್ದು ಇದನ್ನು ನೋಡಿ.

ಆಸ್ಪತ್ರೆಗೋ ಬ್ಯಾಂಕ್ ಶಾಖೆಗೋ ಲೈನ್ ಕೊಟ್ಟಿದ್ದು, ಇಂಥವನೊಬ್ಬನನ್ನು ಉಳಿಸಿಕೊಳ್ಳುವ ಶಕ್ತಿ ನಿಮಗಿಲ್ಲವೆಂದರೆ ಬ್ರ್ಯಾಂಡ್ ಪೆಟ್ಟಿಗೆಯನ್ನೇ ಕೊಳ್ಳಿ, ಸಪೋರ್ಟ್ ಒಪ್ಪಂದದ ಸಮೇತ. ಅದರಲ್ಲಿ ನಾಚಿಕೆ ಏನೂ ಇಲ್ಲ. ಒಂದು ಊರಿನ ಗಿರಾಕಿಗಳಿಂದ ಅವನ ಸಂಬಳ ಹುಟ್ಟುವುದಿಲ್ಲ ಎನ್ನುವವರಿಗೆ ಮಾತ್ರ ನನ್ನದೊಂದು ಸಲಹೆ. ಅಕ್ಕಪಕ್ಕದ ನಾಲ್ಕೈದು ಆಪರೇಟರ್‌ಗಳು ಸೇರಿ ಒಬ್ಬನನ್ನು ಇಟ್ಟುಕೊಳ್ಳಿ. ಗಿರಾಕಿಗಳ ವಿಷಯದಲ್ಲಿ ನಿಮ್ಮ ನಿಮ್ಮಲ್ಲಿ ಪೈಪೋಟಿ ಇರಬಹುದು, ರೂಟರ್ ವಿಷಯದಲ್ಲಿ ಇರಬೇಕಿಲ್ಲ. ಎಲ್ಲರೂ ಒಂದೇ ಮಾದರಿಯ ಹಳೆಯ ಸರ್ವರ್, ಒಂದೇ ಮಾದರಿಯ ಕಾರ್ಡ್, ಒಂದೇ ತಂತ್ರಾಂಶದ ಒಂದೇ ಆವೃತ್ತಿ ಹಾಕಿ. ಎಲ್ಲರಿಗೂ ಸೇರಿದ ಒಂದು ಹೆಚ್ಚುವರಿ ಯಂತ್ರ ನಡುವಿನ ಊರಿನಲ್ಲಿ ಸಿದ್ಧವಾಗಿರಲಿ, ಯಾರ ಕಾನ್ಫಿಗ್ ಹಾಕಿದರೂ ಅದು ಅವರ ರೂಟರ್ ಆಗುವಂತೆ. ಕಾನ್ಫಿಗ್‌ಗಳು ಪ್ರತಿ ರಾತ್ರಿ ತಾವಾಗಿಯೇ ಒಂದು ಕಡೆ ಸೇರಲಿ. ಪಾಸ್‌ವರ್ಡ್ ಬರೆದ ಲಕೋಟೆ ಪ್ರತಿಯೊಬ್ಬ ಮಾಲೀಕನ ಬೀರುವಿನಲ್ಲಿ ಇರಲಿ. ಆ ಹುಡುಗನ ಕೈಕೆಳಗೆ ಇನ್ನೊಬ್ಬ ಕಲಿಯುತ್ತಿರಲಿ, ಅವನ ಖರ್ಚನ್ನೂ ಹಂಚಿಕೊಳ್ಳಿ. ತಿಂಗಳಿಗೊಮ್ಮೆ, ಬೆಳಗಿನ ಜಾವ ಮೂರಕ್ಕೆ, ಸರದಿಯಂತೆ ಒಬ್ಬೊಬ್ಬರ ಊರಿನಲ್ಲಿ ಮುಖ್ಯ ಯಂತ್ರದ ಪ್ಲಗ್ಗನ್ನು ಬೇಕೆಂದೇ ಕಿತ್ತು, ಎಷ್ಟು ನಿಮಿಷದಲ್ಲಿ ನೆಟ್ ವಾಪಸ್ ಬಂತು ಎಂದು ಪುಸ್ತಕದಲ್ಲಿ ಬರೆಯಿರಿ.

ಸಂಬಳದ ಪಾಲು ಹೇಗೆ ಎಂಬ ಜಗಳ ಬರುತ್ತದೆ, ಗೊತ್ತಿದೆ. ಗಿರಾಕಿಗಳ ಸಂಖ್ಯೆಯ ಮೇಲೆ ಹಂಚಿದರೆ ಯಾರೂ ನಿಜವಾದ ಸಂಖ್ಯೆ ಹೇಳುವುದಿಲ್ಲ. ಅಪ್‌ಸ್ಟ್ರೀಮ್‌ನಿಂದ ಕೊಳ್ಳುವ ಬ್ಯಾಂಡ್‌ವಿಡ್ತ್ ಮೇಲೆ ಹಂಚಿ, ಬಿಲ್ಲನ್ನು ಮೇಜಿನ ಮೇಲೆ ಇಟ್ಟು. ನಿಮ್ಮ ಜಿಲ್ಲಾ ಸಂಘದ ಮುಂದಿನ ಸಭೆಯಲ್ಲಿ ಇದನ್ನು ಎತ್ತುವವರಿದ್ದರೆ, ಸೆಕೆಂಡಿಗೆ ತಮ್ಮ ರೂಟರಿನಲ್ಲಿ ಸಂಜೆ ಎಂಟರಿಂದ ಹತ್ತರವರೆಗೆ ಎಷ್ಟು ಪ್ಯಾಕೆಟ್ ಹೋಗುತ್ತದೆ ಎಂಬ ಅಂಕಿಯನ್ನು ಪ್ರತಿಯೊಬ್ಬರೂ ಬರೆದು ತರಲಿ. ಯಾವ ಸರ್ವರ್ ಕೊಳ್ಳಬೇಕು ಎಂಬುದನ್ನು ಆ ಕಾಗದ ನೋಡಿ ಅಲ್ಲೇ ತೀರ್ಮಾನಿಸಬಹುದು.

ನಿಮ್ಮವ,
ಒಬ್ಬ ನೆಟ್‌ವರ್ಕ್ ಕೆಲಸಗಾರ